ಜೋಡಿಬಲದ ಬಂಡಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬೇಸಾಯಗಾರರಿಗೆ ‘ಹೈಬ್ರಿಡ್’ ಎಂಬ ಮಾತು ಹೊಸದಲ್ಲ. ಬೀಜದ ಅಂಗಡಿಯ ಮೂಲಕ ಅದು ಎಂದೋ ಹಳ್ಳಿಗಳನ್ನು ಹೊಕ್ಕಿತು. ಎರಡು ತಳಿಗಳನ್ನು ಕೂಡಿಸಿ ಪಡೆದ ಮೂರನೆಯ ತಳಿ ಎಂಬುದೇ ಅದರ ಅರ್ಥವೆಂದು ಅವರು ಬಲ್ಲರು. ಈಗ ಅದೇ ಮಾತು ಕಾರುಗಳ ಬೆನ್ನನ್ನೇರಿ ಗೊರವನಹಳ್ಳಿಯ ಮಹಾಲಕ್ಷ್ಮಿಯ ಸನ್ನಿಧಿಗೂ ಬರುತ್ತಿದೆ. ಶುಕ್ರವಾರದ ವಾಹನಗಳ ಸಾಲಿನಲ್ಲಿ ಇಂಜಿನ್ನಿನ ಸದ್ದೇ ಇಲ್ಲದೆ ಹಿಂದಿನಿಂದ ನುಸುಳಿ ಬರುವ ಕಾರನ್ನು ಕಂಡು ಯಾತ್ರಿಕರು ಬೆಚ್ಚಿ ಪಕ್ಕಕ್ಕೆ ಸರಿಯುವುದುಂಟು.

ಪೆಟ್ರೋಲ್ ಇಂಜಿನ್ನೂ ವಿದ್ಯುತ್ ಮೋಟಾರೂ ಸೇರಿ ಎಳೆಯುವ ಇಂತಹ ಕಾರನ್ನು ಜಪಾನಿನ ಟೊಯೋಟಾ ಸಂಸ್ಥೆಯು ‘ಪ್ರಿಯಸ್’ ಎಂಬ ಹೆಸರಿನಲ್ಲಿ 1997ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದಿತು. 2010ರಲ್ಲಿ ಅದು ಭಾರತಕ್ಕೆ ಬಂದಿತು. 2013ರಲ್ಲಿ ಬೆಂಗಳೂರಿನ ಬಳಿಯ ಬಿಡದಿಯಲ್ಲಿಯೇ ಕ್ಯಾಮ್ರಿ ಹೈಬ್ರಿಡ್ ಕಾರಿನ ಜೋಡಣೆ ಆರಂಭವಾಯಿತು. 2022ರಲ್ಲಿ ಹೈರೈಡರ್, ಇನ್ನೋವಾ ಹೈಕ್ರಾಸ್‌ಗಳು ಅಲ್ಲಿಂದಲೇ ಹೊರಬಂದವು. ಮೊದಲು ಬಂದ ಕಾರುಗಳಿಗೆ ಹತ್ತು ವರ್ಷ ಮೀರಿದೆ. ಎರಡನೆಯ, ಮೂರನೆಯ ಒಡೆಯರ ಕೈ ಸೇರಿದ ಅವು ಅಧಿಕೃತ ಕಾರ್ಯಾಗಾರವನ್ನು ಬಿಟ್ಟು ರಸ್ತೆ ಬದಿಯ ಗ್ಯಾರೇಜಿನ ಮುಂದೆ ನಿಲ್ಲುತ್ತಿವೆ. ಅಲ್ಲಿ “ಗೇರುಪೆಟ್ಟಿಗೆ ಹೋಯಿತು” ಎಂಬ ಒಂದು ಮಾತು ಹೊರಟರೆ ಸಾಕು, ಹಳೆಯ ಕಾರಿನ ಬೆಲೆಯ ದೊಡ್ಡ ಪಾಲನ್ನೇ ಅದು ನುಂಗಿಬಿಡುತ್ತದೆ. ಆ ಮಾತು ಎಷ್ಟೋ ವೇಳೆ ನಿಜವಲ್ಲವೆಂಬುದೇ ವಿಷಾದದ ಸಂಗತಿ.

ಈ ಕಾರಿನ ಗೇರುಪೆಟ್ಟಿಗೆಯು ಹೆಸರಿಗೆ ಮಾತ್ರ ಗೇರುಪೆಟ್ಟಿಗೆ. ಅದರಲ್ಲಿ ಸವೆಯುವ ಕ್ಲಚ್ಚಿಲ್ಲ. ಒಂದರಿಂದ ಐದರವರೆಗೆ ಬದಲಾಯಿಸುವ ಹಲ್ಲುಗಾಲಿಗಳಿಲ್ಲ. ಹಿಂದಕ್ಕೆ ಚಲಿಸಲು ಬೇರೆ ಗೇರೂ ಇಲ್ಲ, ಮೋಟಾರೇ ತಿರುಗುಮುರುಗಾಗಿ ತಿರುಗುತ್ತದೆ. ನಡುವೆ ಒಂದು ಸೂರ್ಯಗಾಲಿ, ಅದನ್ನು ಸುತ್ತುವ ಗ್ರಹಗಾಲಿಗಳು, ಹೊರಗೆ ಬಳೆಯಂತಹ ಉಂಗುರಗಾಲಿ. ಗ್ರಹಗಾಲಿಗಳನ್ನು ಹೊತ್ತ ಚೌಕಟ್ಟಿಗೆ ಇಂಜಿನ್ನು, ಸೂರ್ಯಗಾಲಿಗೆ ವಿದ್ಯುತ್ತನ್ನು ಉತ್ಪಾದಿಸುವ ಮೊದಲನೆಯ ಮೋಟಾರು, ಉಂಗುರದ ಕಡೆಗೆ ಎಳೆಯುವ ಎರಡನೆಯ ಮೋಟಾರು ಮತ್ತು ಕಾರಿನ ಚಕ್ರಗಳು. ಪ್ರಿಯಸ್ಸಿನಲ್ಲಿ ಸೂರ್ಯಗಾಲಿಗೆ 30 ಹಲ್ಲು, ಉಂಗುರಕ್ಕೆ 78. ಆದುದರಿಂದ ಇಂಜಿನ್ನಿನ ತಿರುಚುಬಲದಲ್ಲಿ ನೂರಕ್ಕೆ 72 ಪಾಲು ಉಂಗುರಕ್ಕೂ 28 ಪಾಲು ಸೂರ್ಯಗಾಲಿಗೂ ಹಂಚಿಹೋಗುತ್ತದೆ. ನೊಗದ ನಡುವಿನ ಕಟ್ಟನ್ನು ಬಲವಾದ ಎತ್ತಿನ ಕಡೆಗೆ ಕೊಂಚ ಸರಿಸಿದರೆ ಭಾರದ ಹೆಚ್ಚಿನ ಪಾಲು ಅದರ ಹೆಗಲಿಗೆ ಬೀಳುವುದಷ್ಟೆ. ಇಲ್ಲಿಯೂ ಅದೇ ಲೆಕ್ಕ. ಎತ್ತಿನ ಬಂಡಿಯಲ್ಲಿ ಆ ಕಟ್ಟನ್ನು ಬೇಕಾದಾಗ ಸರಿಸಬಹುದು, ಇಲ್ಲಿ ಅದು ಹಲ್ಲುಗಳ ಎಣಿಕೆಯಲ್ಲಿಯೇ ನಿಶ್ಚಿತವಾಗಿದೆ. ಎಲ್ಲ ಹೈಬ್ರಿಡ್ ಕಾರುಗಳೂ ಈ ಬಗೆಯವಲ್ಲ. 2008ರಲ್ಲಿ ಭಾರತಕ್ಕೆ ಬಂದ ಹೋಂಡಾ ಸಿವಿಕ್ ಹೈಬ್ರಿಡ್ಡಿನಲ್ಲಿ ಉಕ್ಕಿನ ಪಟ್ಟಿಯ ಮೇಲೆ ಓಡುವ ಬೇರೆಯೇ ಏರ್ಪಾಡಿದೆ. ಕಾರು ಯಾವ ಮನೆತನದ್ದೆಂದು ಮೊದಲು ತಿಳಿಯದೆ ಕೈಯಿಕ್ಕುವುದು ಸಲ್ಲದು.

ಸವೆಯುವ ಭಾಗಗಳು ಇಷ್ಟು ಕಡಿಮೆಯಾದ ಕಾರಣ ಈ ಪೆಟ್ಟಿಗೆ ಕೆಡುವುದು ವಿರಳ. ಆದರೂ ನೆರೆಮನೆಯ ಕಳವಿಗೆ ಇದರ ಮೇಲೆಯೇ ಅಪವಾದ ಬರುತ್ತದೆ. ಬೆಳಗಿನ ಚಳಿಯಲ್ಲಿ ಇಂಜಿನ್ನು ಎದ್ದೊಡನೆ ಕಾರೆಲ್ಲ ನಡುಗಿ, ಮುಂಭಾಗದಲ್ಲಿ ಕಲ್ಲು ತುಂಬಿದ ಡಬ್ಬಿಯನ್ನು ಅಲುಗಿಸಿದಂತೆ ಸದ್ದಾಗುತ್ತದೆನ್ನಿ. ಸದ್ದು ಹುಟ್ಟುವುದು ಇಂಜಿನ್ನಿಗೂ ಪೆಟ್ಟಿಗೆಗೂ ನಡುವಿನ ಸ್ಪ್ರಿಂಗುಳ್ಳ ಬಿಲ್ಲೆಯಲ್ಲಿ. ಆದರೆ ಅದನ್ನು ಬಡಿಯುತ್ತಿರುವುದು ಇಂಜಿನ್ನು. ಮೂರನೆಯ ತಲೆಮಾರಿನ ಪ್ರಿಯಸ್ಸುಗಳಲ್ಲಿ ವಯಸ್ಸಾದಂತೆ ಸಿಲಿಂಡರಿನ ತಲೆಯ ಗ್ಯಾಸ್ಕೆಟ್ಟು ಸೋತು, ಇರುಳೆಲ್ಲ ಕೂಲೆಂಟು ಒಳಕ್ಕೆ ಜಿನುಗುವುದು ಹೆಸರಾದ ರೋಗ. ಕೂಲೆಂಟಿನ ಮಟ್ಟ ಇಳಿಯುತ್ತಿದೆಯೇ, ಸ್ಪಾರ್ಕ್ ಪ್ಲಗ್ಗು ತೇವವಾಗಿದೆಯೇ ಎಂದು ನೋಡಿದರೆ ಅರ್ಧ ನಿರ್ಣಯವಾದಂತೆ. ಹಾಗೆ ನೋಡದೆ ಪೆಟ್ಟಿಗೆಯನ್ನೇ ಬದಲಾಯಿಸಿದರೆ ಹೊಸ ಪೆಟ್ಟಿಗೆಯೂ ಮರುದಿನ ಮುಂಜಾನೆ ಅದೇ ರಾಗವನ್ನು ಹಾಡುತ್ತದೆ.

ದೇವರಾಯನದುರ್ಗದಂತಹ ಏರಿನಲ್ಲಿ ಇಂಜಿನ್ನು ಅಬ್ಬರಿಸಿದರೂ ಕಾರು ಮುಂದೆ ಸಾಗದಿದ್ದರೆ, ಹಳೆಯ ಅಭ್ಯಾಸದವರು ಕ್ಲಚ್ಚು ಜಾರುತ್ತಿದೆ ಎನ್ನುತ್ತಾರೆ. ಇಲ್ಲದ ಕ್ಲಚ್ಚು ಜಾರುವುದೆಂತು? ಬ್ಯಾಟರಿಯ ಕೋಶಗಳು ಮುಪ್ಪಾಗಿ ಎರಡನೆಯ ಎತ್ತು ಹೆಗಲು ಕೊಡದಿರುವುದು ಅಲ್ಲಿನ ಕಾರಣವಿರಬಹುದು. ಹಿಂದಿನ ಆಸನದ ಬಳಿ ಬ್ಯಾಟರಿಗೆ ಗಾಳಿ ಎಳೆಯುವ ಕಿಂಡಿಯು ಧೂಳಿನಿಂದ ಮುಚ್ಚಿ, ಬ್ಯಾಟರಿ ಕಾದಿರಬಹುದು. ಇನ್ವರ್ಟರನ್ನು ತಂಪಾಗಿಡುವ ಸಣ್ಣ ಪಂಪು ನಿಂತಿರಬಹುದು. ಪಂಪು ನಡೆಯುತ್ತಿದ್ದರೆ ಅದರ ತೊಟ್ಟಿಯ ದ್ರವದಲ್ಲಿ ಚಲನೆ ಕಾಣುತ್ತದೆ. ಇವನ್ನೆಲ್ಲ ಸ್ಪ್ಯಾನರು ಹಿಡಿಯುವುದಕ್ಕೆ ಮೊದಲೇ ನೋಡಬಹುದು. ವೇಗದೊಡನೆ ಏರುವ ಗೊರಗೊರ ಸದ್ದು ತಿರುವಿನಲ್ಲಿ ಹೆಚ್ಚುಕಡಿಮೆಯಾದರೆ ದೋಷವು ಬಹುಮಟ್ಟಿಗೆ ಚಕ್ರದ ಬೇರಿಂಗಿನದು. ತಿರುವಿಗೆ ಬಗ್ಗದೆ ಒಂದೇ ಸಮನೆ ಏರಿದರೆ ಪೆಟ್ಟಿಗೆಯ ಒಳಗಿನ ಬೇರಿಂಗನ್ನು ಶಂಕಿಸಬೇಕು.

ಪೆಟ್ಟಿಗೆಯ ಎಣ್ಣೆಯ ವಿಷಯವನ್ನು ತುಸು ವಿವರಿಸುವುದು ಅವಶ್ಯ. ಅದು ಹಲ್ಲುಗಳಿಗೆ ಜಿಡ್ಡಾಗುವುದರ ಜೊತೆಗೆ ಮೋಟಾರುಗಳ ತಂತಿಸುರುಳಿಯನ್ನೂ ನೆನೆಸಿ ತಂಪು ಮಾಡುತ್ತದೆ. ಆದುದರಿಂದ ಅದು ವಿದ್ಯುತ್ತನ್ನು ಹರಿಯಗೊಡಬಾರದು. ತಯಾರಕರು ಹೇಳಿದ ಎಣ್ಣೆಯನ್ನಲ್ಲದೆ ಅಂಗಡಿಯಲ್ಲಿ ಸಿಕ್ಕಿದ್ದನ್ನು ಸುರಿಯುವುದು ಅವಿವೇಕ. ಕೆಲವೆಡೆ ಇನ್ನೂ ವಿಚಿತ್ರವಾದ ಅನರ್ಥ ನಡೆಯುವುದುಂಟು: ಇಂಜಿನ್ನಿನ ಎಣ್ಣೆ ಬದಲಾಯಿಸಲು ಹೊರಟ ಹುಡುಗ ಪಕ್ಕದ ಪೆಟ್ಟಿಗೆಯ ಬಿರಡೆಯನ್ನು ಬಿಚ್ಚಿ ಅದನ್ನು ಬರಿದುಮಾಡಿ, ಹೊಸ ಎಣ್ಣೆಯನ್ನು ಮೊದಲೇ ತುಂಬಿರುವ ಇಂಜಿನ್ನಿಗೆ ಸುರಿಯುತ್ತಾನೆ. ಕಾರು ಕೆಟ್ಟ ದಿನ ‘ಇತ್ತೀಚೆಗೆ ಯಾರು ಏನು ಮಾಡಿದರು?’ ಎಂಬುದು ಮೊದಲ ಪ್ರಶ್ನೆಯಾಗಬೇಕಾದುದು ಇದಕ್ಕೇ. ಇಳಿಸಿದ ಎಣ್ಣೆಯನ್ನು ಬಿಳಿಯ ಬಟ್ಟೆಯಲ್ಲಿ ಸೋಸಿ ನೋಡಬೇಕು. ಬಣ್ಣ ಕಪ್ಪಾಗಿದ್ದರೆ ವಯಸ್ಸೆಂದು ತಿಳಿಯಬಹುದು. ಲೋಹದ ಚೂರುಗಳಿದ್ದರೆ ಪೆಟ್ಟಿಗೆಗೆ ನಿಜವಾಗಿಯೂ ಪೆಟ್ಟಾಗಿದೆ.

ದಾರಿಯಲ್ಲಿ ನಿಂತ ಕಾರಿಗೆ ಹಗ್ಗ ಬಿಗಿದು ಟ್ರ್ಯಾಕ್ಟರಿನಿಂದ ಎಳೆಯಿಸುವುದು ಹಳ್ಳಿಗಳ ಸಹಜ ಉಪಕಾರ. ಈ ಕಾರಿಗೆ ಅದು ಅಪಕಾರವಾದೀತು. ಮುಂದಿನ ಚಕ್ರಗಳು ನೆಲದ ಮೇಲೆ ಉರುಳಿದರೆ ಒಳಗಿನ ಶಾಶ್ವತ ಕಾಂತದ ಮೋಟಾರೂ ತಿರುಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇಂಜಿನ್ನು ನಿಂತಿರುವುದರಿಂದ ಎಣ್ಣೆಯ ಪಂಪು ಮಾತ್ರ ಕೆಲಸ ಮಾಡದು. ಮುಂಚಕ್ರಗಳನ್ನು ಎತ್ತಿಯೋ ಲಾರಿಯ ಮೇಲೇರಿಸಿಯೋ ಸಾಗಿಸುವುದೇ ಸರಿ.

ತಂತಿಸುರುಳಿಯ ನಿರೋಧಕ ಹೊದಿಕೆ ಸೀದುಹೋಗುವುದು ಪೆಟ್ಟಿಗೆಯ ನಿಜವಾದ ರೋಗ. ಆಗ ಸ್ಕ್ಯಾನರು ‘ಪಿ0ಎಎ6’ ಎಂಬ ಸಂಕೇತವನ್ನು ತೋರಿಸಬಹುದು. ಆ ಸಂಕೇತದ ತಾತ್ಪರ್ಯ ‘ಎಲ್ಲಿಯೋ ವಿದ್ಯುತ್ತು ಸೋರುತ್ತಿದೆ’ ಎಂಬುದಷ್ಟೆ. ಸೋರಿಕೆ ಬ್ಯಾಟರಿಯದಾಗಿರಬಹುದು, ತಪ್ಪು ಎಣ್ಣೆ ಸೇರಿದ ಹವಾನಿಯಂತ್ರಣದ ಕಂಪ್ರೆಸರಿನದೂ ಆಗಿರಬಹುದು. ಅಳೆದು ನೋಡದೆ ಪೆಟ್ಟಿಗೆಗೆ ಶಿಕ್ಷೆ ವಿಧಿಸುವಂತಿಲ್ಲ.

ಅಳೆಯುವವನ ಪ್ರಾಣ ಅಪಾಯಕ್ಕೊಡ್ಡಿಕೊಳ್ಳುವುದು ಇಲ್ಲಿಯೇ. ಕಿತ್ತಳೆ ಬಣ್ಣದ ಕೇಬಲ್ಲುಗಳಲ್ಲಿ ಹರಿಯುವುದು ಹನ್ನೆರಡು ವೋಲ್ಟಲ್ಲ. ಎರಡನೆಯ ತಲೆಮಾರಿನ ಪ್ರಿಯಸ್ಸಿನ ಬ್ಯಾಟರಿ 201.6 ವೋಲ್ಟು, ಇನ್ವರ್ಟರು ಅದನ್ನು 500 ವೋಲ್ಟಿನವರೆಗೆ ಏರಿಸುತ್ತದೆ. ಸದ್ದಿಲ್ಲದೆ ನಿಂತ ಕಾರು ಆರಿದೆಯೆಂದು ನಂಬುವಂತಿಲ್ಲ, ಅದರ ಇಂಜಿನ್ನು ತಾನಾಗಿಯೇ ಏಳಬಲ್ಲುದು. ಕೀಲಿಯನ್ನು ದೂರವಿರಿಸಿ, ಸಣ್ಣ ಬ್ಯಾಟರಿಯ ಸಂಪರ್ಕವನ್ನು ಬಿಡಿಸಿ, ತೂತಿಲ್ಲವೆಂದು ಗಾಳಿ ತುಂಬಿ ಪರೀಕ್ಷಿಸಿದ ರಬ್ಬರ್ ಕೈಗವಸು ತೊಟ್ಟು ಸರ್ವೀಸ್ ಪ್ಲಗ್ಗನ್ನು ಕಿತ್ತು, ಇನ್ನೊಬ್ಬರು ಅರಿಯದೆ ಮತ್ತೆ ಸಿಕ್ಕಿಸದಂತೆ ಅದನ್ನು ತನ್ನ ಜೇಬಿನಲ್ಲಿಯೇ ಇಟ್ಟುಕೊಳ್ಳಬೇಕು. ಕೆಪಾಸಿಟರುಗಳು ಬರಿದಾಗಲು ಹತ್ತು ನಿಮಿಷ ಕಾದು, ಬಳಿಕವೂ ಮೀಟರಿನಲ್ಲಿ ಸೊನ್ನೆಯನ್ನು ಕಂಡೇ ಮುಟ್ಟಬೇಕು.

ಮುಂದಿನ ಪರೀಕ್ಷೆಯ ಉಪಕರಣ ಈ ಸೀಮೆಗೆ ಅಪರಿಚಿತವಲ್ಲ. ಕೊಳವೆಬಾವಿಯ ಪಂಪುಸೆಟ್ಟು ಸುಟ್ಟಾಗ ವೈಂಡಿಂಗ್ ಅಂಗಡಿಯಲ್ಲಿ ಬಳಸುವ ಮೆಗ್ಗರೇ ಅದು. ಅಲ್ಲಿಯೂ ಮೂರು ಫೇಸು, ಇಲ್ಲಿಯೂ ಮೂರು ಫೇಸು. ಕೇಬಲ್ಲುಗಳನ್ನು ಇನ್ವರ್ಟರಿನಿಂದ ಬಿಡಿಸಿದ ಮೇಲೆಯೇ (ಇಲ್ಲವಾದರೆ ಇನ್ವರ್ಟರು ಹಾಳಾದೀತು) ತಂತಿಗೂ ಪೆಟ್ಟಿಗೆಯ ಮೈಗೂ ನಡುವೆ 500 ವೋಲ್ಟಿನಲ್ಲಿ ನಿರೋಧವನ್ನು ಅಳೆಯಬೇಕು. ಮೂರು ಸುರುಳಿಗಳನ್ನೂ ಒಂದರೊಡನೊಂದು ಹೋಲಿಸಬೇಕು. ಕಾರಿನ ಮೆಕ್ಯಾನಿಕ್ಕಿಗೆ ಸದ್ದಿನ ಪರಿಚಯವುಂಟು, ವೈಂಡಿಂಗ್ ಮಾಡುವವನಿಗೆ ಸುರುಳಿಯ ಪರಿಚಯವುಂಟು. ಒಂದೇ ಬೀದಿಯ ಎರಡು ಅಂಗಡಿಗಳವರು ಒಂದು ಕಾರಿನ ಮುಂದೆ ಕೂಡಿ ನಿಂತರೆ ನಿರ್ಣಯವು ಕಷ್ಟವಲ್ಲ. ಸುರುಳಿಯನ್ನು ಮತ್ತೆ ಸುತ್ತುವುದು ಮಾತ್ರ ಪಂಪುಸೆಟ್ಟಿನಷ್ಟು ಸುಲಭವಲ್ಲ. ದಟ್ಟವಾದ ತಂತಿ, ಬಿಸಿ ಎಣ್ಣೆಯನ್ನು ತಾಳಬೇಕಾದ ವಾರ್ನಿಶು. ಆದುದರಿಂದ ಬಿಚ್ಚಿದ ಬೇರೊಂದು ಕಾರಿನ ಪೆಟ್ಟಿಗೆಯನ್ನು ತಂದು ಕೂರಿಸುವುದು ರೂಢಿ. ಕೂರಿಸುವ ಮುನ್ನ ಅದನ್ನೂ ನೆಲದ ಮೇಲಿಟ್ಟು ಹೀಗೆಯೇ ಅಳೆಯಬೇಕು. ಕೈಗೆ ಸಿಕ್ಕಿರುವಾಗಲೇ ಸ್ಪ್ರಿಂಗಿನ ಬಿಲ್ಲೆಯನ್ನು ಬದಲಾಯಿಸಬೇಕು. ಎಣ್ಣೆ ತುಂಬಿ, ಕೂಲೆಂಟಿನ ಗಾಳಿಯನ್ನು ಪೂರ್ತಿ ಹೊರಹಾಕಬೇಕು. ಆಮೇಲೆ ಹಳೆಯ ಸಂಕೇತಗಳನ್ನು ಅಳಿಸಿ, ಏರೊಂದನ್ನು ಹತ್ತಿಸಿ ಇಳಿಸಿ, ಸ್ಕ್ಯಾನರನ್ನು ಇನ್ನೊಮ್ಮೆ ಹಚ್ಚಿ ನೋಡಿ ಕಾರನ್ನು ಒಡೆಯನಿಗೆ ಒಪ್ಪಿಸಬಹುದು.