ಕಂಪನಿ ಟಿಕೆಟ್ಟಿನ ಜಪಾನ್, ಸ್ವಂತ ಜೇಬಿನ ರೈಲು ಪಾಸು

ವ್ಯವಹಾರದ ಕೆಲಸಕ್ಕೆಂದು ಜಪಾನಿಗೆ ಹೋದವರು ಕೆಲಸ ಮುಗಿದ ಮೇಲೆ ನಾಲ್ಕಾರು ದಿನ ರಜೆ ಸೇರಿಸಿಕೊಂಡು ಅಲ್ಲಿನ ನಗರಗಳನ್ನು ನೋಡಿಕೊಂಡು ಬರುವುದು ಈಗ ಅಪರೂಪದ ಸಂಗತಿಯೇನಲ್ಲ. ಮೈಸೂರು ಸೀಮೆಗೂ ಆ ದೇಶಕ್ಕೂ ಇರುವ ನಂಟು ಹಳೆಯದು: ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಎಂ. ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನ್ ನೋಡಿ ಬಂದಿದ್ದರು. 1991ರಲ್ಲಿ ಜಪಾನಿನ ಅಂತಾರಾಷ್ಟ್ರೀಯ ಸಹಕಾರ ಸಂಸ್ಥೆಯ ನೆರವಿನಿಂದ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆಯಲ್ಲಿ ದ್ವಿತಳಿ ರೇಷ್ಮೆಯ ಯೋಜನೆ, ಅಂದರೆ ಉದ್ದನೆಯ ಬಿಳಿ ನೂಲು ಕೊಡುವ ಗೂಡುಗಳನ್ನು ಇಲ್ಲಿನ ಹವೆಗೆ ಒಗ್ಗಿಸುವ ಕೆಲಸ, ಆರಂಭವಾದಾಗ ಇಲ್ಲಿನ ವಿಜ್ಞಾನಿಗಳು ತರಬೇತಿಗಾಗಿ ಅಲ್ಲಿಗೆ ಹೋಗಿಬಂದರು. ಈಗ ಸುತ್ತೂರು, ನಂಜನಗೂಡು, ತಿರುಮಕೂಡಲು ನರಸೀಪುರದ ಮನೆಗಳಿಂದ ಹೊರಟ ಎಂಜಿನಿಯರುಗಳು ಯಂತ್ರ ಪರೀಕ್ಷೆಗೋ ಮಾತುಕತೆಗೋ ಹೋಗುವ ಕಾಲ. ಇಂಥವರ ಕೊನೆಯ ಕೆಲವು ದಿನಗಳ ಖರ್ಚಷ್ಟೇ ಈ ಲೇಖನದ ವಿಷಯ.

ಈ ಖರ್ಚಿನ ಬುಡದಲ್ಲಿ ಒಂದು ನಂಬಿಕೆ ಇರುತ್ತದೆ: ವಿಮಾನದ ಹಣ ಕಂಪನಿ ಕೊಟ್ಟಿರುವುದರಿಂದ ಪ್ರವಾಸದ ದೊಡ್ಡ ಖರ್ಚು ಕಳೆದೇಹೋಯಿತು, ಉಳಿದದ್ದು ಚಿಲ್ಲರೆ ಎಂಬುದು. ಕಂಪನಿಯ ಟಿಕೆಟ್ಟು ಹಣ ಉಳಿಸುತ್ತದೆ ಎಂಬುದೇನೋ ನಿಜ, ಆದರೆ ಅದು ಪ್ರವಾಸಿಗೆ ಒಂದು ಗೂಟವನ್ನೂ ನೆಡುತ್ತದೆ. ಬೆಂಗಳೂರಿನಿಂದ ನೇರ ವಿಮಾನ ಇಳಿಯುವುದು ಟೋಕಿಯೊದ ಹೊರವಲಯದ ನರಿತಾದಲ್ಲಿ. ಹಿಂತಿರುಗುವ ಟಿಕೆಟ್ಟೂ ಅಲ್ಲಿಂದಲೇ ಇದ್ದರೆ, ಕ್ಯೋಟೊ, ಹಿರೋಶಿಮಾ ಎಂದು ಪಶ್ಚಿಮಕ್ಕೆ ಎಷ್ಟು ದೂರ ಹೋದರೂ ಅಷ್ಟೇ ದೂರ ಮರಳಿ ಬರಬೇಕು, ಆ ಮರುಪ್ರಯಾಣದ ಹಣವನ್ನು ಸ್ವಂತ ಜೇಬಿನಿಂದಲೇ ತೆರಬೇಕು. ಅದು ಚಿಲ್ಲರೆಯಲ್ಲವೆಂಬುದು ಗೊತ್ತಾದೊಡನೆ ಪ್ರವಾಸಿಯ ಕಣ್ಣು ಹೋಗುವುದು ಜಪಾನ್ ರೈಲು ಪಾಸಿನ ಮೇಲೆ. ಇದು ವಿದೇಶಿ ಪ್ರವಾಸಿಗರಿಗೆಂದೇ ಮಾರುವ ಚೀಟಿ. ಒಮ್ಮೆ ಹಣ ಕಟ್ಟಿದರೆ ಜೆಆರ್, ಅಂದರೆ ಜಪಾನ್ ರೈಲ್ವೇಸ್ ಸಮೂಹದ ರೈಲುಗಳಲ್ಲಿ, ಅತಿವೇಗದ ಶಿಂಕನ್‌ಸೆನ್ ರೈಲುಗಳೂ ಸೇರಿ, ಒಂದರ ಹಿಂದೊಂದು ಬರುವ ಏಳು ದಿನ ಓಡಾಡಬಹುದು. ಏಳು ದಿನದ ಸಾಮಾನ್ಯ ದರ್ಜೆಯ ಪಾಸಿನ ಬೆಲೆ 29,650 ಯೆನ್ ಇದ್ದದ್ದು 2023ರ ಅಕ್ಟೋಬರ್ 1ರಿಂದ 50,000 ಯೆನ್ ಆಯಿತು. ಯೆನ್ನಿಗೆ 60 ಪೈಸೆ ಎಂದು ಹಿಡಿದರೆ ಇದು 30,000 ರೂಪಾಯಿ.

ಲಾಭ ನಷ್ಟವನ್ನು ತೀರ್ಮಾನಿಸಲು ಬೇಕಾದದ್ದು ಕೂಡುವ ಲೆಕ್ಕವಷ್ಟೇ. ಟೋಕಿಯೊದಿಂದ ಕ್ಯೋಟೊಗೆ ಕಾಯ್ದಿರಿಸಿದ ಆಸನದ ದರ ಸುಮಾರು 14,000 ಯೆನ್, ಕ್ಯೋಟೊದಿಂದ ಹಿರೋಶಿಮಾಕ್ಕೆ ಸುಮಾರು 12,000, ಹಿರೋಶಿಮಾದಿಂದ ನೇರವಾಗಿ ಟೋಕಿಯೊಗೆ ಸುಮಾರು 20,000. ಒಟ್ಟು 46,000 ಯೆನ್. ಹಳೆಯ ಬೆಲೆಯಲ್ಲಿ ಪಾಸು ಕೊಂಡಿದ್ದವರಿಗೆ ಇದೇ ಹಾದಿಯಲ್ಲಿ 16,350 ಯೆನ್ ಉಳಿಯುತ್ತಿತ್ತು. ಹೊಸ ಬೆಲೆಯಲ್ಲಿ ಕೊಂಡವರು 4,000 ಯೆನ್, ಅಂದರೆ 2,400 ರೂಪಾಯಿ ಕಳೆದುಕೊಳ್ಳುತ್ತಾರೆ. ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಈ ಹಾದಿಯಲ್ಲಿ ಅತಿ ಬೇಗ ತಲುಪಿಸುವ, ಅತಿ ಹೆಚ್ಚು ಸಂಖ್ಯೆಯಲ್ಲಿ ಓಡುವ ರೈಲು ‘ನೊಝೊಮಿ’. ಬಿಡಿ ಟಿಕೆಟ್ಟು ಕೊಂಡವರು ಅದನ್ನು ಹತ್ತಿ ಕುಳಿತುಕೊಳ್ಳುತ್ತಾರೆ, ಪಾಸಿನವರಾದರೋ ಹೆಚ್ಚುವರಿ ಶುಲ್ಕ ಕಟ್ಟಬೇಕು: ಟೋಕಿಯೊ ಮತ್ತು ಕ್ಯೋಟೊ ನಡುವೆ 4,960 ಯೆನ್, ಟೋಕಿಯೊ ಮತ್ತು ಹಿರೋಶಿಮಾ ನಡುವೆ 6,500 ಯೆನ್. ಎರಡನ್ನೂ ಕಟ್ಟಿದರೆ ನಷ್ಟ 15,460 ಯೆನ್ನಿಗೆ, ಅಂದರೆ 9,276 ರೂಪಾಯಿಗೆ ಏರುತ್ತದೆ. ಕಟ್ಟಲು ಒಪ್ಪದವರು ‘ಹಿಕರಿ’ ಎಂಬ ರೈಲಿಗಾಗಿ ಕಾದು, ಹಿರೋಶಿಮಾದಿಂದ ಬರುವಾಗ ನಡುವೆ ರೈಲು ಬದಲಾಯಿಸಬೇಕಾಗುತ್ತದೆ. ಇನ್ನು ಹಿಂತಿರುಗುವ ವಿಮಾನ ಒಸಾಕಾದ ಕನ್ಸಾಯ್ ನಿಲ್ದಾಣದಿಂದ ಇದ್ದರೆ, ಕೊನೆಯ 20,000 ಯೆನ್ನಿನ ಜಾಗದಲ್ಲಿ ಹಿರೋಶಿಮಾದಿಂದ ಒಸಾಕಾಕ್ಕೆ ಸುಮಾರು 11,000 ಸಾಕು. ಒಟ್ಟು 37,000 ಯೆನ್ ಆಗುವ ಈ ಹಾದಿಗೆ ಪಾಸು ಕೊಳ್ಳುವುದು 13,000 ಯೆನ್ನನ್ನು ಕೈಯಾರೆ ಬಿಟ್ಟುಕೊಟ್ಟಂತೆ. ಆದ್ದರಿಂದ ಕಂಪನಿಯ ಪ್ರಯಾಣ ವಿಭಾಗಕ್ಕೆ ಟಿಕೆಟ್ಟು ಕಾಯ್ದಿರಿಸುವ ಮೊದಲೇ ಒಂದು ಮಾತು ಕೇಳಿ, ಬೆಲೆಯ ವ್ಯತ್ಯಾಸವನ್ನು ತಾನೇ ಕೊಡುವೆನೆಂದು ಹೇಳಿ, ಮರಳುವ ಊರನ್ನು ಬದಲಾಯಿಸಿಕೊಂಡ ನೌಕರನು ಯಾವ ಪಾಸಿಗಿಂತಲೂ ಹೆಚ್ಚು ಉಳಿಸುವ ಸಾಧ್ಯತೆ ಇದೆ.

ಪಾಸಿನ ಪರವಾಗಿ ಒಂದು ಮಾತನ್ನು ಒಪ್ಪಬೇಕು: ಟೋಕಿಯೊದಿಂದ ಇನ್ನೊಂದು ದಿಕ್ಕಿಗೂ, ಉದಾಹರಣೆಗೆ ತಕಸಾಕಿಗೆ, ಶಿಂಕನ್‌ಸೆನ್ನಿನಲ್ಲಿ ಹೋಗಿಬಂದರೆ ಸುಮಾರು 10,000 ಯೆನ್ ಕೂಡಿ ಮೊತ್ತ 56,000ಕ್ಕೆ ಮುಟ್ಟುತ್ತದೆ, 6,000 ಯೆನ್ ಗಿಟ್ಟುತ್ತದೆ. ಆದರೆ ಈ ಗಿಟ್ಟುವಿಕೆಯೇ ಪಾಸಿನ ಉಪದ್ರವ. ಮಧ್ಯಾಹ್ನ ಎರಡು ಗಂಟೆಗೆ ಪಾಸು ಬಳಸಲು ತೊಡಗಿದರೂ ಆ ದಿನ ಪೂರ್ತಿ ದಿನವಾಗಿಯೇ ಎಣಿಕೆಯಾಗುತ್ತದೆ. ಒಂದೂರಿನಲ್ಲಿ ಎರಡು ದಿನ ನಿಂತರೆ ಆ ಎರಡು ದಿನದ ಪಾಸು ದಂಡವಾಯಿತೆಂಬ ಭಾವನೆ ಕಾಡತೊಡಗುತ್ತದೆ. ಪ್ರಸ್ತುತ ಅಂಕಣಕಾರರೂ ಹೀಗೆ ಪಾಸು ಹಿಡಿದು ತಿರುಗಿದವರೇ. ಅಂಥ ಪ್ರವಾಸದಲ್ಲಿ ಕ್ಯೋಟೊದ ದೇವಾಲಯಗಳಿಗಿಂತ ಹೆಚ್ಚಾಗಿ ನೋಡಿದ್ದು ಕಿಟಕಿಯಾಚೆ ಓಡುವ ಗದ್ದೆಗಳನ್ನು ಎಂಬುದನ್ನು ಲೆಕ್ಕದ ಪುಸ್ತಕದಲ್ಲಿ ಯಾವ ಕಲಮಿಗೆ ಹಾಕಬೇಕೋ ತಿಳಿಯದು. ಕ್ಯೋಟೊದ ಒಳಗೆ ಜನ ಹೆಚ್ಚಾಗಿ ಬಳಸುವ ನಗರ ಬಸ್ಸಿಗೂ ಸುರಂಗ ರೈಲಿಗೂ ಈ ಪಾಸು ನಡೆಯುವುದಿಲ್ಲ. ಹಿರೋಶಿಮಾದ ಬಳಿಯ ಮಿಯಜಿಮಾ ದ್ವೀಪಕ್ಕೆ ಹೋಗುವ ಜೆಆರ್ ದೋಣಿಗೆ ನಡೆಯುತ್ತದೆ. ಆದರೆ ದ್ವೀಪಕ್ಕೆ ಬರುವವರ ಮೇಲೆ 2023ರಲ್ಲಿ ಹಾಕಿದ 100 ಯೆನ್ ತೆರಿಗೆಯನ್ನು ಪಾಸಿನವರೂ ಬೇರೆಯಾಗಿ ಕಟ್ಟಬೇಕು.

ಅರ್ಹತೆಯ ನಿಯಮವೂ ಕೆಲಸದ ಮೇಲೆ ಹೋದವರಿಗೇ ತೊಡಕಾಗುವಂಥದು. ಪಾಸು ಸಿಗುವುದು ಪಾಸ್‌ಪೋರ್ಟಿನಲ್ಲಿ ‘ತಾತ್ಕಾಲಿಕ ಸಂದರ್ಶಕ’ ಎಂಬ ಮುದ್ರೆ ಇರುವ ವಿದೇಶಿಗರಿಗೆ. ಸಭೆಗೆಂದು ಅಲ್ಪಾವಧಿ ವೀಸಾದಲ್ಲಿ ಹೋದವರಿಗೆ ಈ ಮುದ್ರೆ ಬೀಳುತ್ತದೆ. ತಿಂಗಳುಗಟ್ಟಲೆ ಕಾರ್ಖಾನೆಯಲ್ಲಿ ತರಬೇತಿಗಾಗಿಯೋ ಉದ್ಯೋಗಕ್ಕಾಗಿಯೋ ಬೇರೆ ಬಗೆಯ ವೀಸಾದಲ್ಲಿ ಹೋದವರಿಗೆ ಬೀಳುವುದಿಲ್ಲ. ಅಂಥವರು ಊರಿನಲ್ಲಿಯೇ ಹಣ ಕಟ್ಟಿ ಬದಲಿ ಚೀಟಿ ಕೊಂಡುಹೋಗಿ ಅಲ್ಲಿನ ಕೌಂಟರಿನಲ್ಲಿ ವಾದಿಸಿ ಪ್ರಯೋಜನವಿಲ್ಲ.

ಸುತ್ತೂರು ಜಾತ್ರೆಯ ದನಗಳ ಪರಿಷೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ಎಣಿಸಿ, ಗೊರಸು ಎತ್ತಿ ನೋಡಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆಯೇ ಬೆಲೆ ಮಾತಾಡುವ ರೈತನ ಮಗನು, ಮೂವತ್ತು ಸಾವಿರದ ಪಾಸನ್ನು ಫೋನಿನ ಪರದೆಯ ಮೇಲೆ ಎರಡು ನಿಮಿಷದಲ್ಲಿ ಕೊಳ್ಳುತ್ತಾನೆ. ‘ಅಷ್ಟು ದೂರ ಹೋಗಿದ್ದೇವೆ, ಎಲ್ಲ ನೋಡಿಬಿಡೋಣ’ ಎಂಬ ಮಾತು ಇದಕ್ಕೆ ಕಾರಣ. ಊರಿನಲ್ಲಿ ಬಸ್ಸಿಗೆ ಹತ್ತು ರೂಪಾಯಿ ಹೆಚ್ಚು ಕೇಳಿದರೆ ಕಂಡಕ್ಟರನೊಡನೆ ನಿಂತು ವಾದಿಸುವ ಮನುಷ್ಯನು ವಿದೇಶದಲ್ಲಿ ಬೆಲೆ ಕೇಳಲು ನಾಚಿಕೊಳ್ಳುವುದೂ, ಯೆನ್ನಿನ ದೊಡ್ಡ ಅಂಕಿಗಳನ್ನು ಆಟದ ಹಣವೆಂಬಂತೆ ಕಾಣುವುದೂ ಅಭ್ಯಾಸದ ದೋಷಗಳೇ ಹೊರತು ಗಣಿತದ ದೋಷಗಳಲ್ಲ. ಇದೇ ಅಭ್ಯಾಸ ಕಾರ್ಡು ಉಜ್ಜುವಾಗಲೂ ಕಾಣುತ್ತದೆ: ವಿದೇಶಿ ಹಣದ ವ್ಯವಹಾರಕ್ಕೆ ಶೇ 3.5 ಶುಲ್ಕ ಹಾಕುವ ಕ್ರೆಡಿಟ್ ಕಾರ್ಡಿನಲ್ಲಿ ಆ ಶುಲ್ಕದ ಮೇಲೆ ಶೇ 18 ಜಿಎಸ್‌ಟಿ ಸೇರಿ ಶೇ 4.13 ಆಗುತ್ತದೆ, ಲಕ್ಷಕ್ಕೆ 4,130 ರೂಪಾಯಿ. ಅಂಗಡಿಯ ಯಂತ್ರ ‘ರೂಪಾಯಿಯಲ್ಲಿ ಕೊಡುವಿರಾ’ ಎಂದು ಕೇಳಿದಾಗ ಒಪ್ಪಿಕೊಂಡರೆ ವಿನಿಮಯ ದರವನ್ನು ಅಂಗಡಿಯ ಕಡೆಯವರು ನಿಗದಿಪಡಿಸುತ್ತಾರೆ, ಅದು ಗ್ರಾಹಕನಿಗೆ ಅನುಕೂಲವಾಗಿರುವುದು ಅಪರೂಪ, ಯೆನ್ನನ್ನೇ ಆರಿಸಿಕೊಳ್ಳಬೇಕು.

ಪಾಸಿಲ್ಲದ ಒಂದು ದಿನ ಎಷ್ಟಕ್ಕೆ ಮುಗಿಯುತ್ತದೆಂಬುದಕ್ಕೆ ಗುನ್ಮಾ ಪ್ರಾಂತದ ತೊಮಿಯೊಕಾ ಉತ್ತಮ ಉದಾಹರಣೆ. ತಿರುಮಕೂಡಲು ನರಸೀಪುರದ ಸರ್ಕಾರಿ ಫಿಲೇಚರನ್ನು, ಎಂದರೆ ಗೂಡಿನಿಂದ ನೂಲು ಬಿಚ್ಚುವ ಕಾರ್ಖಾನೆಯನ್ನು, ಬಲ್ಲವರಿಗೆ ಇದು ಕ್ಯೋಟೊಗಿಂತ ಹತ್ತಿರದ ಊರು. 1872ರಲ್ಲಿ ಜಪಾನ್ ಸರ್ಕಾರ ಫ್ರೆಂಚ್ ತಜ್ಞ ಪಾಲ್ ಬ್ರೂನಾನ ಮಾರ್ಗದರ್ಶನದಲ್ಲಿ ಇಲ್ಲಿ ಕಟ್ಟಿದ ರೇಷ್ಮೆ ಕಾರ್ಖಾನೆ 1987ರವರೆಗೆ ನಡೆದು, 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮರದ ಚೌಕಟ್ಟಿನ ನಡುವೆ ಇಟ್ಟಿಗೆ ತುಂಬಿ ಎಬ್ಬಿಸಿದ ಗೂಡಿನ ಉಗ್ರಾಣಗಳೂ, ಸಾಲಾಗಿ ನಿಂತ ನೂಲು ಬಿಚ್ಚುವ ಸ್ವಯಂಚಾಲಿತ ಯಂತ್ರಗಳೂ ಈಗಲೂ ಇವೆ. ಬಿಸಿನೀರಿನಲ್ಲಿ ತೇಲುವ ಗೂಡಿನ ಎಳೆಯ ತುದಿ ಹಿಡಿಯುವ ಕೆಲಸವನ್ನು ಊರಿನಲ್ಲಿ ಕಂಡವರು ಆ ಯಂತ್ರದ ಮುಂದೆ ಯಾವ ವಿವರಣೆಯೂ ಬೇಡದೆ ಅರ್ಧ ಗಂಟೆ ನಿಲ್ಲಬಲ್ಲರು. ಉಯೆನೊ ನಿಲ್ದಾಣದಿಂದ ಸಾಧಾರಣ ರೈಲಿನಲ್ಲಿ ತಕಸಾಕಿಗೆ ಎರಡು ಗಂಟೆಯ ಹಾದಿ, ಸುಮಾರು 2,000 ಯೆನ್. ಅಲ್ಲಿಂದ ಜೋಶಿನ್ ಎಂಬ ಖಾಸಗಿ ರೈಲಿನಲ್ಲಿ ಮುಕ್ಕಾಲು ಗಂಟೆಗೂ ಕಡಿಮೆ, ಸುಮಾರು 800 ಯೆನ್. ಹೋಗಿಬರುವ ಖರ್ಚಿಗೆ ಕಾರ್ಖಾನೆಯ ಪ್ರವೇಶ ಶುಲ್ಕ 1,000 ಯೆನ್ ಕೂಡಿದರೆ 6,600 ಯೆನ್, ನಾಲ್ಕು ಸಾವಿರ ರೂಪಾಯಿಯ ಒಳಗೆ. ಐವತ್ತು ಸಾವಿರ ಯೆನ್ನಿನ ಪಾಸು ಕೊಂಡವರೂ ಆ ಜೋಶಿನ್ ರೈಲಿಗೆ ಬೇರೆ ಟಿಕೆಟ್ಟು ಕೊಳ್ಳಬೇಕು, ಏಕೆಂದರೆ ಅದು ಜೆಆರ್ ಸಮೂಹದ ರೈಲಲ್ಲ.