ಇಂಗ್ಲಿಷ್ ಭೂತಕಾಲ: ಕೊಯಮತ್ತೂರು–ತಿರುಪ್ಪೂರಿನ ಉದಾಹರಣೆಗಳು

ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಕೊಯಮತ್ತೂರು, ಈರೋಡು ಜಿಲ್ಲೆಗಳ ಭಾಗಗಳಿಂದ 2009ರಲ್ಲಿ ತಿರುಪ್ಪೂರು ಜಿಲ್ಲೆ ರಚನೆಯಾಯಿತು. ಇವೆರಡೂ ಸಾಮಾನ್ಯ ಜ್ಞಾನದ ಸಂಗತಿಗಳು, ವ್ಯಾಕರಣಕ್ಕೂ ಒದಗುತ್ತವೆ.

ಮುಗಿದ ಕಾಲವನ್ನು ಇಸವಿ, 'ಯೆಸ್ಟರ್‌ಡೇ' ಅಥವಾ 'ಅಗೋ' ಸೂಚಿಸಿದರೆ ಸಾಮಾನ್ಯ ಭೂತಕಾಲ: 'ಕೊಳ್ಳೇಗಾಲ್ ಜಾಯಿನ್ಡ್ ಮೈಸೂರ್ ಸ್ಟೇಟ್ ಇನ್ 1956.' ಇಲ್ಲಿ 'ಹ್ಯಾಸ್ ಜಾಯಿನ್ಡ್' ತಪ್ಪು.

ಹೆಚ್ಚು ಅಂಕ ಕಳೆಯುವುದು 'ಹ್ಯಾಡ್'. ಕನ್ನಡದಲ್ಲಿ 'ಸೇರಿತ್ತು' ಎಂದು ಸಲೀಸಾಗಿ ಹೇಳುವ ರೂಢಿಯಿಂದ, ಒಂಟಿ ಘಟನೆಗೂ ನಮ್ಮ ಅಭ್ಯರ್ಥಿಗಳು 'ಹ್ಯಾಡ್ ಜಾಯಿನ್ಡ್' ಎಂದು ಬರೆಯುತ್ತಾರೆ. ಅದು ಬೇಕಾಗುವುದು ಭೂತಕಾಲದ ಒಂದು ಬಿಂದುವಿಗಿಂತ ಮುಂಚೆ ನಡೆದದ್ದಕ್ಕೆ: 'ವೆನ್ ತಿರುಪ್ಪೂರ್ ಡಿಸ್ಟ್ರಿಕ್ಟ್ ವಾಸ್ ಫಾರ್ಮ್ಡ್, ಕೊಳ್ಳೇಗಾಲ್ ಹ್ಯಾಡ್ ಆಲ್ರೆಡಿ ಲೆಫ್ಟ್ ಕೊಯಮತ್ತೂರ್.' ಮೊದಲು ನಡೆದ 1956ರ ಘಟನೆಗಷ್ಟೇ 'ಹ್ಯಾಡ್' ಬಂದಿದೆ. 'ಬಿಫೋರ್', 'ಆಫ್ಟರ್' ಇದ್ದು ಕ್ರಮ ಸ್ಪಷ್ಟವಾಗಿದ್ದರೆ ಸಾಮಾನ್ಯ ಭೂತಕಾಲವೂ ನಡೆಯುತ್ತದೆ.

ನಡೆಯುತ್ತಿದ್ದ ಕ್ರಿಯೆಯ ನಡುವೆ ಇನ್ನೊಂದು ಒದಗಿದರೆ 'ವಾಸ್' ಜೊತೆ 'ಇಂಗ್' ರೂಪ. 1932ರ ಜನವರಿಯಲ್ಲಿ ಹುತಾತ್ಮರಾದ ತಿರುಪ್ಪೂರು ಕುಮಾರನ್ ಬಗ್ಗೆ: 'ಕುಮಾರನ್ ವಾಸ್ ಹೋಲ್ಡಿಂಗ್ ದ ಫ್ಲ್ಯಾಗ್ ವೆನ್ ದ ಪೊಲೀಸ್ ಅಟ್ಯಾಕ್ಡ್ ಹಿಮ್.'

'ಡಿಡ್' ನಂತರ ಕ್ರಿಯಾಪದದ ಮೂಲರೂಪವೇ. ಉತ್ತರ ಗುರುತಿಸುವ ಮುನ್ನ, ಯಾವ ಘಟನೆ ಮೊದಲು ನಡೆಯಿತೆಂದು ವಾಕ್ಯದ ಮೇಲೆಯೇ ಪೆನ್ಸಿಲಿನಿಂದ 1, 2 ಎಂದು ಬರೆದುಕೊಳ್ಳಿ.