ಎರಡು ಮೋಟಾರುಗಳು: ಒಂದು ತುಲನೆ

ಕಿತ್ತೂರಿನ ಬಳಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ನಮ್ಮ ಸೋದರಮಾವನ ಹಳೆಯ ಕಾರಿನಲ್ಲಿ ಸಾಗಿದ್ದಾಗ, ನೆಲಕ್ಕೆ ಹತ್ತಿಕೊಂಡಂತಿದ್ದ ಸ್ಪೋರ್ಟ್ಸ್ ಕಾರೊಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ನಮ್ಮನ್ನು ದಾಟಿ ಹೋಯಿತು. ಜೊತೆಗಿದ್ದ ಗೆಳೆಯನು, “ಮಾವಾ, ಇದನ್ನ ಗುಜರಿಗೆ ಹಾಕಿಬಿಡ್ರಿ” ಎಂದನು. ಮಾವ ಮಾತನಾಡಲಿಲ್ಲ. ಹದಿನೈದು ವರ್ಷ ಮೀರಿದ ಕಾರಿನ ನೋಂದಣಿಯನ್ನು ನವೀಕರಿಸುವ ಕಾಲವೂ ಅವರಿಗೆ ಸಮೀಪಿಸಿತ್ತು. ಗೆಳೆಯನ ಮಾತು ನ್ಯಾಯವೇ ಎಂಬುದನ್ನು ತೂಗಿ ನೋಡುವುದೇ ಈ ಲೇಖನದ ಉದ್ದೇಶ.

ಹಳೆಯ ಮಿತವ್ಯಯದ ಕಾರಿಗೆ ‘ಪ್ರೀಮಿಯರ್ ಪದ್ಮಿನಿ’ಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ೧೯೬೪ರಲ್ಲಿ ಮುಂಬಯಿಯಲ್ಲಿ ಫಿಯೆಟ್ ೧೧೦೦ ಎಂದು ತಯಾರಾಗತೊಡಗಿದ ಈ ಕಾರು ೧೯೭೪ರಿಂದ ಪದ್ಮಿನಿಯೆನಿಸಿತು. ನಾಲ್ಕು ಸಿಲಿಂಡರು, ೧೦೮೯ ಘನ ಸೆಂಟಿಮೀಟರು, ಸುಮಾರು ೪೦ ಅಶ್ವಶಕ್ತಿ. ಹೊಸದಕ್ಕೆ ೨೦೧೯ರ ಪೋರ್ಶೆ ೯೧೧ ಕರೆರಾ ಇರಲಿ. ಆರು ಸಿಲಿಂಡರು, ೨೯೮೧ ಘನ ಸೆಂಟಿಮೀಟರು, ೩೮೫ ಅಶ್ವಶಕ್ತಿ. ನಿಂತಲ್ಲಿಂದ ೧೦೦ ಕಿಲೋಮೀಟರು ವೇಗಕ್ಕೆ ಅದಕ್ಕೆ ೪.೨ ಸೆಕೆಂಡು ಸಾಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಎಂಜಿನ್ನಿನ ಗಾತ್ರ ಮೂರು ಪಟ್ಟಿಗೂ ಕಡಿಮೆ; ಶಕ್ತಿಯು ಒಂಬತ್ತು ಪಟ್ಟಿಗೂ ಹೆಚ್ಚಾದುದು ಹೇಗೆ? ಹೊಗೆಯ ರಭಸದಿಂದ ತಿರುಗುವ ಟರ್ಬೊ ಚಕ್ರವು ಸಿಲಿಂಡರಿನೊಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ಗಾಳಿ ಹೆಚ್ಚಿದಷ್ಟು ಪೆಟ್ರೋಲು ಹೆಚ್ಚು ಉರಿಯುತ್ತದೆ. ಎಂಜಿನ್ನು ತಿರುಗುವ ವೇಗವೂ ಹೆಚ್ಚು. ಪದ್ಮಿನಿಯ ಕಾರ್ಬುರೇಟರಾದರೋ ತಾನಾಗಿ ಬಂದ ಗಾಳಿಯಲ್ಲಿ ಪೆಟ್ರೋಲನ್ನು ಬೆರೆಸಿ ಕಳಿಸುವ ಸರಳ ಸಾಧನ. ಸ್ಕ್ರೂಡ್ರೈವರ್ ಹಿಡಿದ ಊರಿನ ಮಿಸ್ತ್ರಿಯೇ ಅದನ್ನು ಸರಿಮಾಡಬಲ್ಲನು. ಹೊಸ ಕಾರಿನ ದೋಷವನ್ನು ತಿಳಿಯಲು ಗಣಕಯಂತ್ರವೇ ಬೇಕು.

ಆದರೆ ಶಕ್ತಿಯನ್ನು ಬಳಸಲು ದಾರಿ ಬೇಕಷ್ಟೆ. ಬೈಲಹೊಂಗಲದಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗದ ಕಡೆಗೆ ಹೊರಟರೆ ಎರೆಭೂಮಿ ಎದುರಾಗುತ್ತದೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಈ ಮಣ್ಣಿನ ಮೇಲೆ ರಸ್ತೆ ಸಮನಾಗಿ ನಿಲ್ಲುವುದು ಕಷ್ಟ. ಕಬ್ಬಿನ ಟ್ರ್ಯಾಕ್ಟರುಗಳು, ಹುಣ್ಣಿಮೆ ಬಂದರೆ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಚಕ್ಕಡಿಗಳು ಬೇರೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುವುದೆಂದು ಭೌತಶಾಸ್ತ್ರ ಹೇಳುತ್ತದೆ. ಒಣ ರಸ್ತೆಯಲ್ಲಿ ೬೦ರ ವೇಗದ ಕಾರು ಬ್ರೇಕು ಹಿಡಿದ ಮೇಲೆ ೨೦ ಮೀಟರಿನಲ್ಲಿ ನಿಂತರೆ, ಅದೇ ಕಾರು ೧೨೦ರ ವೇಗದಲ್ಲಿ ಸುಮಾರು ೮೦ ಮೀಟರು ಹೋಗುತ್ತದೆ. ಚಕ್ಕಡಿಯ ಎತ್ತುಗಳಿಗೆ ಈ ಗಣಿತ ತಿಳಿಯದು, ಚಾಲಕನಿಗೆ ತಿಳಿದಿರಬೇಕು.

ಹಾಗೆಂದು ಹಳೆಯದೆಲ್ಲ ಒಳ್ಳೆಯದೆನ್ನುವುದೂ ಸರಿಯಲ್ಲ. ಒಂದೇ ವೇಗದಲ್ಲಿ ಪರೀಕ್ಷಿಸಿದರೆ ಹೊಸ ಕಾರಿನ ಡಿಸ್ಕ್ ಬ್ರೇಕುಗಳು ಹಳೆಯ ಡ್ರಮ್ ಬ್ರೇಕುಗಳಿಗಿಂತ ಮೇಲು. ಅಪಘಾತದಲ್ಲಿ ಗಾಳಿಚೀಲ ಜೀವವನ್ನು ಉಳಿಸಬಲ್ಲದು, ಪದ್ಮಿನಿಯಲ್ಲಿ ಅದಿಲ್ಲ. ಹೊಗೆಯ ವಿಷವನ್ನು ಕಡಿಮೆ ಮಾಡುವ ಸಾಧನವೂ ಹೊಸದರಲ್ಲಿದೆ. ಆದರೆ ಪದ್ಮಿನಿಯಲ್ಲಿ ಐದು ಜನ ನೆಮ್ಮದಿಯಿಂದ ಕೂಡಬಹುದು. ಕರೆರಾದ ಹಿಂದಿನ ಆಸನ ಮಕ್ಕಳಿಗಷ್ಟೇ ಸಾಕು.

ಆದುದರಿಂದ ಒಂದು ಕಾರು ಇನ್ನೊಂದಕ್ಕಿಂತ ಶ್ರೇಷ್ಠವೇ ಎಂದು ಕೇಳುವ ಮೊದಲು, ಯಾವ ದಾರಿಗೆ, ಯಾರ ಕೆಲಸಕ್ಕೆ ಎಂದು ಕೇಳಬೇಕು. ಮಾವನಿಗೆ ನಾನು ಹೇಳಿದ್ದಿಷ್ಟೆ: “ಮೊದಲು ಬ್ರೇಕು ತೋರಿಸ್ರಿ. ಪರೀಕ್ಷೆಯಲ್ಲಿ ಪಾಸಾದ್ರ ಇಟ್ಕೊಳ್ರಿ. ಆಗದಿದ್ರ ಮನಸ್ಸು ಗಟ್ಟಿ ಮಾಡ್ರಿ.” ಪ್ರೀತಿಗೂ ಬ್ರೇಕು ಬೇಕಲ್ಲವೇ?